ಅಪ್ಪನ ಕಾರು, ಮಗಳ ರಸ್ತೆ

ಡೆಟ್ರಾಯಿಟ್ ಹೊರವಲಯದಲ್ಲಿ ನಾನಿರುವ ಬೀದಿಯಲ್ಲಿ, ಪಕ್ಕದ ಮನೆಯ ಗ್ಯಾರೇಜಿನಲ್ಲಿ 1966ರ ಫೋರ್ಡ್ ಮಸ್ಟಾಂಗ್ ಒಂದಿದೆ. ಮನೆಯ ಯಜಮಾನರಿಗೆ ಈಗ ಎಪ್ಪತ್ತರ ಆಸುಪಾಸು. ಅವರ ತಂದೆ ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದವರು; ಹಗಲೆಲ್ಲ ತಾವು ಜೋಡಿಸುತ್ತಿದ್ದ ಕಾರನ್ನೇ ಕಂತು ಕಟ್ಟಿ ಕೊಂಡವರು. ಕಳೆದ ವರ್ಷ ಇವರು ಕಾರನ್ನು ಮಗಳಿಗೆ ಕೊಡುವುದೆಂದು ತೀರ್ಮಾನಿಸಿದರು. ಮಗಳಿಗೆ ಸಂತೋಷವೇ ಆಯಿತು. ಆದರೆ ಒಂದು ಮಾತು ಕೇಳಿದಳಂತೆ: "ಹಿಂದಿನ ಸೀಟಿನಲ್ಲಿ ನನ್ನ ಮಗುವನ್ನು ಕೂರಿಸಿಕೊಂಡು ಹೋಗಬಹುದಾ ಅಪ್ಪಾ?"

ಆ ಪ್ರಶ್ನೆ ಒಂದು ಇಡೀ ಚಳಿಗಾಲವನ್ನು ನುಂಗಿತು. ಇಲ್ಲಿನ ಅನೇಕ ಕನ್ನಡಿಗರಂತೆ ನಾನೂ ವಾಹನೋದ್ಯಮದಲ್ಲೇ ಕೆಲಸಕ್ಕಿರುವವನಾದ್ದರಿಂದ ಅದರಲ್ಲಿ ನನಗೂ ಪಾಲು ಬಂತು.

ಹಿಮ ಬೀಳುವ ಮುಂಚೆ ಒಂದು ಭಾನುವಾರ ಅವರು ಕೀಲಿ ನನ್ನ ಕೈಗಿಟ್ಟರು. ಕಾರು ನೆಟ್ಟಗೆ ಹೋಗಲು ಒಪ್ಪದು. ಸ್ಟೀರಿಂಗನ್ನು ಎರಡು ಬೆರಳಷ್ಟು ಆಚೀಚೆ ತಿರುಗಿಸಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ನಮ್ಮೂರ ಮೆಕ್ಯಾನಿಕ್‌ಗಳು 'ಪ್ಲೇ' ಎನ್ನುವುದು ಇದನ್ನೇ. ಚಕ್ರ ಗುಂಡಿಗೆ ಇಳಿದರೆ ಕಾರು ತಾನಾಗಿಯೇ ಒಂದು ಬದಿಗೆ ಎಳೆಯುತ್ತದೆ. ಈ ತುದಿಯಿಂದ ಆ ತುದಿಗೆ ಸ್ಟೀರಿಂಗ್ ತಿರುಗಿಸಬೇಕಾದರೆ ಸುಮಾರು ಐದು ಸುತ್ತು. ಮುಂದಿನ ಚಕ್ರಗಳಿಗೂ ಡ್ರಮ್ ಬ್ರೇಕು. ಇಷ್ಟರ ಮೇಲೆ ಹೊರಬೇಕಾಗಿರುವುದು 289 ಘನ ಅಂಗುಲದ, 225 ಅಶ್ವಶಕ್ತಿಯ ವಿ8 ಎಂಜಿನ್ನನ್ನು.

"ಅಪ್ಪನಿಗೆ ಇದೆಲ್ಲ ಅಭ್ಯಾಸವಾಗಿತ್ತು. ಕಾರು ಯಾವ ಕಡೆ ಎಳೆಯುತ್ತದೆ ಅಂತ ಅವರ ಕೈಗೆ ಮೊದಲೇ ಗೊತ್ತಿರುತ್ತಿತ್ತು" ಎಂದರು ಅವರು.

ಸಾಧಾರಣ ಕಾರಿನ ಮೈಗೆ ದೊಡ್ಡ ಎಂಜಿನ್ ತುಂಬಿದ ಆ ಕಾಲದ ಕಾರುಗಳನ್ನು ಅಮೆರಿಕನ್ನರು ಮಸಲ್ ಕಾರ್ ಎನ್ನುತ್ತಾರೆ. ಆ ವಂಶ 1964ರ ಪಾಂಟಿಯಾಕ್ ಜಿಟಿಒದಿಂದ ಶುರುವಾಯಿತೆಂಬುದು ರೂಢಿಯ ಮಾತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಮಸ್ಟಾಂಗ್‌ನ ಚರ್ಮದಡಿ ಇದ್ದದ್ದು ಫಾಲ್ಕನ್ ಎಂಬ ಅಗ್ಗದ ಸಂಸಾರದ ಕಾರಿನ ಎಲುಬುಗಳು. ಎಂಜಿನ್ ಬೆಳೆದಷ್ಟು ವೇಗವಾಗಿ ಅದನ್ನು ತಿರುಗಿಸುವ, ನಿಲ್ಲಿಸುವ ಅಂಗಗಳು ಬೆಳೆಯಲಿಲ್ಲ.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು, ಸವೆದ ಬುಷ್ಷು, ಬಾಲ್ ಜಾಯಿಂಟುಗಳನ್ನು ಅಂಥವೇ ಹೊಸವುಗಳಿಂದ ಬದಲಿಸಿ ಕಾರನ್ನು 1966ರಲ್ಲಿ ಇದ್ದಂತೆಯೇ ಇಡುವುದು. ಮೂರನೆಯದು ಅದಕ್ಕೆ ತೀರಾ ವಿರುದ್ಧ. ಈ ಕಾರಿನಲ್ಲಿ ಎಂಜಿನ್ನಿನ ಎರಡೂ ಬದಿಗೆ ಉಕ್ಕಿನ ಗೋಪುರಗಳಿವೆ. ಮುಂದಿನ ಸ್ಪ್ರಿಂಗುಗಳ ಒತ್ತಡವನ್ನು ಹೊರುವುದು ಅವೇ. ಅವನ್ನು ಕತ್ತರಿಸಿ ತೆಗೆದು, 1974ರ ಮಸ್ಟಾಂಗ್-2ರ ಮಾದರಿಯ ಸಸ್ಪೆನ್ಷನ್ನನ್ನೂ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗನ್ನೂ ಬೆಸುಗೆ ಹಾಕಿ ಕೂರಿಸುವುದು ಇಲ್ಲಿ ಬಹಳ ಜನಪ್ರಿಯ. ಸ್ಟೀರಿಂಗ್ ಚುರುಕಾಗುತ್ತದೆ, ಎಂಜಿನ್ನಿಗೂ ಜಾಗ ಸಿಗುತ್ತದೆ. ಆದರೆ ಒಮ್ಮೆ ಕತ್ತರಿಸಿದ ಗೋಪುರವನ್ನು ಮತ್ತೆ ಮೊದಲಿನಂತೆ ನಿಲ್ಲಿಸುವುದು ಹೆಚ್ಚುಕಡಿಮೆ ಆಗದ ಮಾತು. ಎರಡನೆಯದು ಇವೆರಡರ ನಡುವಿನ ದಾರಿ: ಮೂಲ ರಚನೆ ಉಳಿಸಿಕೊಂಡು, ಬೋಲ್ಟು ಬಿಚ್ಚಿ ಹಾಕಬಹುದಾದ ಬದಲಾವಣೆಗಳನ್ನಷ್ಟೇ ಮಾಡುವುದು.

ಮೇಲ್ನೋಟಕ್ಕೆ ಇದು ಗ್ಯಾರೇಜಿನ ಪ್ರಶ್ನೆ. ಆದರೆ ಇದರೊಳಗೆ ಇನ್ನೊಂದಿದೆ: ಹಿರಿಯರು ಬಿಟ್ಟುಹೋದ ವಸ್ತುವಿಗೆ ನಿಷ್ಠನಾಗಿರುವುದು ಎಂದರೇನು? ಏನನ್ನೂ ಮುಟ್ಟಬಾರದು ಎನ್ನುವವರನ್ನು ಬರೀ ಹಟಮಾರಿಗಳೆಂದು ನಾನು ತಳ್ಳಿಹಾಕಲಾರೆ. ಹಳೆಯ ವಸ್ತು ಒಂದು ಸಾಕ್ಷಿ. ಆ ಸಡಿಲ ಸ್ಟೀರಿಂಗ್ ಹಿಡಿದಾಗಲೇ ಒಂದು ಪೀಳಿಗೆ ಹೇಗೆ ಬದುಕಿತು, ಯಾವುದಕ್ಕೆ ಹೊಂದಿಕೊಂಡಿತು ಎಂಬುದು ಕೈಗೆ ತಿಳಿಯುವುದು. ಅದನ್ನು ತಿದ್ದಿದರೆ ಸಾಕ್ಷಿಯ ಬಾಯಿಗೆ ನಮ್ಮ ಮಾತು ತುರುಕಿದಂತೆ.

ಆದರೆ 'ಮೂಲ' ಎಂದು ನಾವು ಕೈಮುಗಿಯುವುದು ಯಾವುದಕ್ಕೆ? ಫೋರ್ಡ್‌ನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಅವರ ಲೆಕ್ಕದ ಪ್ರಕಾರ, ಮೇಲಿನ ಕಂಟ್ರೋಲ್ ಆರ್ಮ್ ಕೂರುವ ರಂಧ್ರಗಳನ್ನು ಸುಮಾರು ಒಂದು ಅಂಗುಲ ಕೆಳಗಿಳಿಸಿದರೆ, ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಟೈರು ನೆಲಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. 1965ರಲ್ಲಿ ಕ್ಯಾರಲ್ ಶೆಲ್ಬಿಯ ಜಿಟಿ350 ಕಾರುಗಳಿಗೆ ಹಾಗೆಯೇ ಮಾಡಿದರು. 1966ರ ಮಾದರಿ ನಡೆಯುತ್ತಿದ್ದಾಗ ಖರ್ಚು ಉಳಿಸಲು ಅದನ್ನು ಕೈಬಿಟ್ಟರು. ಉತ್ತಮ ಜಾಗ ಯಾವುದೆಂದು ಮಾಡಿದವರಿಗೇ ತಿಳಿದಿತ್ತು. ಅಂದರೆ ನಾವು ಪರಂಪರೆ ಎಂದು ಕಾಪಾಡಹೊರಟಿದ್ದರಲ್ಲಿ ಕುಶಲಕರ್ಮಿಯ ಕೈಯ ಜೊತೆಗೆ ಲೆಕ್ಕಪತ್ರದವನ ಕೈಯೂ ಇದೆ. ಮೊದಲನೆಯದಕ್ಕೆ ನಾನು ಋಣಿ. ಎರಡನೆಯದಕ್ಕೂ ಋಣಿಯಾಗಿರಬೇಕೆ?

ಸ್ಟೀರಿಂಗ್ ದಂಡದ ವಿಷಯ ಇನ್ನೂ ಗಂಭೀರ. ಈ ಕಾರಿನಲ್ಲಿ ಮುಂದಿನ ಸ್ಟೀರಿಂಗ್ ಗೇರ್ ಬಾಕ್ಸಿನಿಂದ ಚಾಲಕನ ಎದೆಯ ಮುಂದಿನವರೆಗೆ ಒಂದೇ ಉದ್ದನೆಯ ಉಕ್ಕಿನ ದಂಡ. ಎದುರಿನಿಂದ ಢಿಕ್ಕಿಯಾದರೆ ಅದು ಈಟಿಯಂತೆ ಹಿಂದಕ್ಕೆ ನುಗ್ಗಬಲ್ಲದು. 1965ರಲ್ಲಿ ಪ್ರಕಟವಾದ ರಾಲ್ಫ್ ನೇಡರ್ ಅವರ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಹೆಸರಾದದ್ದು ಕಾರ್ವೇರ್ ಎಂಬ ಕಾರಿನಿಂದಾದರೂ, ಇಂಥ ದಂಡಗಳ ಅಪಾಯವನ್ನೂ ಅದು ಎತ್ತಿ ತೋರಿಸಿತ್ತು. ಪೆಟ್ಟು ಬಿದ್ದಾಗ ಕುಗ್ಗಿಕೊಳ್ಳುವ ದಂಡ ಅಮೆರಿಕದಲ್ಲಿ ಕಡ್ಡಾಯವಾದದ್ದು 1968ರಲ್ಲಿ. ಹಾಗೆಂದಮೇಲೆ ಆ ಹಳೆಯ ದಂಡವನ್ನು ಗೌರವದ ಹೆಸರಿನಲ್ಲಿ ಮೊಮ್ಮಗಳ ಎದೆಗೆ ಗುರಿಯಿಟ್ಟು ಉಳಿಸುವುದು ಯಾರ ಮೇಲಿನ ಪ್ರೀತಿ? ಆ ಗೌರವದ ಬೆಲೆ ತೆರುವವಳು ಅವಳು, ಪಕ್ಕದಲ್ಲಿ ಕುಳಿತವರು, ಎದುರಿನಿಂದ ಬರುವ ಅಪರಿಚಿತರು. ನನ್ನ ಭಕ್ತಿಯ ಬಿಲ್ಲನ್ನು ಇನ್ನೊಬ್ಬರ ಕೈಗೆ ಕೊಡುವ ಹಕ್ಕು ನನಗಿಲ್ಲ.

ಮಸ್ಟಾಂಗ್ ಹುಟ್ಟಿದ 1964ರಲ್ಲೇ ವೆನಿಸ್‌ನಲ್ಲಿ ಪ್ರಾಚೀನ ಕಟ್ಟಡಗಳ ಸಂರಕ್ಷಣೆಗೆ ಒಂದು ಸನ್ನದು ರೂಪುಗೊಂಡಿತು. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದರೊಡನೆ ಹೊಂದಬೇಕು, ಆದರೆ ಹೊಸದೆಂದು ಗುರುತು ಸಿಗುವಂತಿರಬೇಕು ಎಂಬುದು ಅದರ ಸಾರಾಂಶಗಳಲ್ಲೊಂದು. ಕಟ್ಟಡ ಸ್ಥಾವರ, ಕಾರು ಜಂಗಮ. ನಿಂತಲ್ಲೇ ನಿಲ್ಲುವುದಕ್ಕೆ ಮಾಡಿದ ನಿಯಮ ರಸ್ತೆಯಲ್ಲಿ ಓಡುವುದಕ್ಕೆ ಹಾಗೇ ಒಗ್ಗುವುದಿಲ್ಲ. ಅದಕ್ಕೇ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಟ್ಯೂರಿನ್ ಸನ್ನದಿನಲ್ಲಿ ವಾಹನಗಳಿಗೇ ಬೇರೆ ದಾರಿ ಹಾಕಿಕೊಟ್ಟಿತು. ಅನಿವಾರ್ಯವಾದ ಬದಲಾವಣೆ ಹಿಂದಕ್ಕೆ ತಿರುಗಿಸಬಹುದಾದದ್ದಾಗಿರಲಿ, ತೆಗೆದ ಮೂಲ ಭಾಗಗಳು ವಾಹನದೊಡನೆಯೇ ಇರಲಿ ಎಂಬುದು ಅದರ ಆಶಯ. ನನಗೆ ಇದರಲ್ಲಿ ತಾಂತ್ರಿಕ ಸೂಚನೆಗಿಂತ ನೈತಿಕ ವಿನಯ ಕಾಣುತ್ತದೆ. ಇಂದಿನ ನನ್ನ ತೀರ್ಮಾನವೇ ಕೊನೆಯದಾಗಬಾರದು. ನಾಳೆ ಬರುವವರಿಗೆ ನನ್ನನ್ನು ತಿದ್ದುವ ಅವಕಾಶ ಉಳಿದಿರಬೇಕು.

ಕೊನೆಗೆ ನಾವು ಎರಡನೆಯ ದಾರಿ ಹಿಡಿದೆವು. ಗೋಪುರಗಳನ್ನು ಕತ್ತರಿಸಲಿಲ್ಲ. ಸವೆದ ಕೀಲುಗಳೆಲ್ಲ ಹೊಸವಾದವು. ಮುಂದೆ ದಪ್ಪನೆಯ ಆಂಟಿ ರೋಲ್ ಬಾರ್, ಡಿಸ್ಕ್ ಬ್ರೇಕುಗಳು ಬಂದವು. ರೇಡಿಯಲ್ ಟೈರುಗಳಿಗೆ ತಕ್ಕಂತೆ ಚಕ್ರಗಳ ಕೋನ ಹೊಂದಿಸಿದೆವು. ಏಕೆಂದರೆ ಕಾರ್ಖಾನೆಯ ಕೈಪಿಡಿಯ ಅಳತೆಗಳು ಆ ಕಾಲದ ಬಯಾಸ್ ಪ್ಲೈ ಟೈರುಗಳಿಗಾಗಿ ಬರೆದವು. ಹಳೆಯ ಸ್ಟೀರಿಂಗ್ ಗೇರ್ ಬಾಕ್ಸನ್ನು ದಂಡದ ಸಮೇತ ಇಡಿಯಾಗಿ ಹೊರತೆಗೆದು, ಆ ಜಾಗಕ್ಕೆ ಕಡಿಮೆ ಸುತ್ತಿನ ಗೇರ್ ಬಾಕ್ಸನ್ನೂ ಕುಗ್ಗಬಲ್ಲ ದಂಡವನ್ನೂ ಕೂರಿಸಿದೆವು.

ಒಂದು ಕಡೆ ಮಾತ್ರ ನಾವೇ ಹೇಳಿಕೊಂಡ ನಿಯಮ ಮುರಿದೆವು. ಆರ್ನಿಂಗ್ ಅವರ ಲೆಕ್ಕದಂತೆ ಬದಿಗೆರಡರಂತೆ ನಾಲ್ಕು ಹೊಸ ರಂಧ್ರ ಕೊರೆಯಬೇಕಾಯಿತು. ಹಳೆಯ ರಂಧ್ರಗಳು ಅಲ್ಲೇ ಮೇಲೆ ಇವೆ, ಬೇಕಾದರೆ ಆರ್ಮ್‌ಗಳನ್ನು ಮತ್ತೆ ಅಲ್ಲಿಗೇ ಏರಿಸಬಹುದು. ಆದರೂ ಕೊರೆದದ್ದು ಕೊರೆದದ್ದೇ. ಡ್ರಿಲ್ ಹಿಡಿದ ಪಕ್ಕದ ಮನೆಯವರು ಮೊದಲ ರಂಧ್ರಕ್ಕೆ ಮುಂಚೆ ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ನಾನೂ ಮಾತಾಡಲಿಲ್ಲ.

ತೆಗೆದ ಹಳೆಯ ಭಾಗಗಳಿಗೆ ಎಣ್ಣೆ ಬಳಿದು, ಬಟ್ಟೆ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಮೇಲೊಂದು ಕಾಗದ: ಏನು ತೆಗೆದೆವು, ಎಲ್ಲಿಂದ ತೆಗೆದೆವು, ಯಾಕೆ ತೆಗೆದೆವು. ಪೆಟ್ಟಿಗೆಯೂ ಕಾರಿನ ಜೊತೆಗೇ ಮಗಳ ಮನೆಗೆ ಹೋಗಲಿದೆ.

ಏಪ್ರಿಲ್‌ನಲ್ಲಿ ರಸ್ತೆಯ ಉಪ್ಪೆಲ್ಲ ಮಳೆಗೆ ತೊಳೆದುಹೋದ ಮೇಲೆ ಕಾರನ್ನು ಹೊರಗೆ ತೆಗೆದೆವು. ಮೊದಲ ತಿರುವಿನಲ್ಲಿ ಅವರು ಹಳೆಯ ಅಭ್ಯಾಸದಂತೆ ಸ್ಟೀರಿಂಗನ್ನು ಜೋರಾಗಿ ತಿರುಗಿಸಿಬಿಟ್ಟರು. ಕಾರು ಬೇಕಾದದ್ದಕ್ಕಿಂತ ಹೆಚ್ಚು ತಿರುಗಿತು. ಸರಿಪಡಿಸಿಕೊಂಡು ನಕ್ಕರು. ಆಮೇಲೆ ಒಂದೆರಡು ಮೈಲಿ ಮಾತಿಲ್ಲ. "ಅಪ್ಪನ ಕೈ ಇದರಲ್ಲಿ ಸಿಗುತ್ತಿಲ್ಲ" ಎಂದರು ಕೊನೆಗೆ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮನೆಯ ಮುಂದೆ ಎಂಜಿನ್ ಆರಿಸಿದ ಮೇಲೆ ಅವರೇ ಹೇಳಿದರು: "ಅವರಿಗೆ ಇದು ಇಷ್ಟವಾಗುತ್ತಿರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಮಗು ಇದೆ ಅಂದಿದ್ದರೆ ಅವರೇ ಡ್ರಿಲ್ ತರುತ್ತಿದ್ದರು."