ಪ್ರಮಾದ, ಪರಿಹಾರ ಮತ್ತು ವಕೀಲನ ಧರ್ಮ

ಹಿಂಸೆ ಎಂದೊಡನೆ ಆಯುಧ ಹಿಡಿದವನ ಚಿತ್ರ ಕಣ್ಣೆದುರಿಗೆ ಬರುವುದು ಸಹಜ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲವೆಂದು ಎಣಿಸಿದ್ದಾರೆ. ಕಾರ್ಖಾನೆಯ ವಿಷಾನಿಲದಿಂದಲೋ ದೋಷವುಳ್ಳ ಯಂತ್ರದಿಂದಲೋ ಜನರಿಗೆ ಹಾನಿಯಾದಾಗ, ಕೊಲ್ಲಬೇಕೆಂದು ಯಾರೂ ಸಂಕಲ್ಪಿಸಿರುವುದಿಲ್ಲ. ಆದರೂ ಎಚ್ಚರಗೇಡಿತನ ಕಾರಣವಾಗಿದ್ದರೆ ಅದು ಹಿಂಸೆಯೇ. ಹಾಗಾದರೆ, ನೊಂದವರು ಪರಿಹಾರ ಬೇಡಿ ನ್ಯಾಯಾಲಯಕ್ಕೆ ಬಂದಾಗ ಕಂಪನಿಯ ಪರವಾಗಿ ನಿಲ್ಲುವ ವಕೀಲನೂ ಆ ಹಿಂಸೆಯಲ್ಲಿ ಪಾಲುಗಾರನಾಗುವನೇ?

ಅವಸರದ ಉತ್ತರ ಇಲ್ಲಿ ಸಲ್ಲದು. ಹಾನಿ ಕಂಡ ಮಾತ್ರಕ್ಕೆ ಕಾರಣ ನಿಶ್ಚಯವಾಗುವುದಿಲ್ಲ. ದೋಷವು ತಯಾರಕನದೋ, ಮಾರಿದವನದೋ, ಬಳಸಿದವನದೋ ಎಂಬುದು ಸಾಕ್ಷ್ಯದಿಂದಲೇ ತಿಳಿಯಬೇಕು. ಒಂದೇ ಪಕ್ಷದ ಮಾತು ಕೇಳಿ ತೀರ್ಮಾನಿಸುವುದು ಅನೇಕಾಂತ ದೃಷ್ಟಿಗೆ ಒಪ್ಪುವಂಥದಲ್ಲ. ಆದುದರಿಂದ ಪ್ರತಿವಾದಿಗೂ ವಕೀಲನು ಬೇಕು. ವಕೀಲರ ನಡತೆಯನ್ನು ಕುರಿತ ನಿಯಮಗಳು ಕಕ್ಷಿದಾರನ ಹಿತವನ್ನು ನಿರ್ಭಯವಾಗಿ ಕಾಯಬೇಕೆನ್ನುತ್ತವೆ. ಆ ಮಾರ್ಗವು ನ್ಯಾಯವೂ ಗೌರವಯುತವೂ ಆಗಿರಬೇಕೆಂದು ಜೊತೆಯಲ್ಲೇ ವಿಧಿಸುತ್ತವೆ.

ಈ ಪ್ರಶ್ನೆಯ ಆಳ ಭೋಪಾಲದ ಮೊಕದ್ದಮೆಯಲ್ಲಿ ಕಾಣುತ್ತದೆ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಹೊರಬಿದ್ದ ಮೀಥೈಲ್ ಐಸೋಸಯನೇಟ್ ಸಾವಿರಾರು ಜನರ ಪ್ರಾಣ ತೆಗೆಯಿತು. ಲಕ್ಷಾಂತರ ಜನರು ಪೀಡಿತರಾದರು. ಭಾರತ ಸರ್ಕಾರವು 1985ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು. ವಿಚಾರಣೆ ಭಾರತದಲ್ಲೇ ನಡೆಯಬೇಕೆಂಬ ಕಂಪನಿಯ ವಾದವನ್ನು 1986ರಲ್ಲಿ ಆ ನ್ಯಾಯಾಲಯ ಒಪ್ಪಿತು. 1987ರಲ್ಲಿ ಭೋಪಾಲದ ಜಿಲ್ಲಾ ನ್ಯಾಯಾಲಯವು 350 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರಕ್ಕೆ ಆಜ್ಞೆ ಮಾಡಿದಾಗ ಕಂಪನಿ ಅದನ್ನೂ ಪ್ರಶ್ನಿಸಿತು. ಹೈಕೋರ್ಟು ಆ ಮೊತ್ತವನ್ನು 250 ಕೋಟಿಗೆ ಇಳಿಸಿತು. 1989ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಎದುರು 47 ಕೋಟಿ ಡಾಲರುಗಳಿಗೆ ರಾಜಿಯಾಯಿತು. ಈ ಮೇಲ್ಮನವಿಗಳೆಲ್ಲವೂ ಕಾನೂನು ಒಪ್ಪಿದವೇ. ಆದರೆ ಅಷ್ಟರಲ್ಲಿ ನಾಲ್ಕು ವರ್ಷಗಳು ಕಳೆದಿದ್ದವು.

ಕಾವೇರಿ ವಿವಾದದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕರ್ನಾಟಕದ ಪರವಾಗಿ ನಿಂತು ಕನ್ನಡಿಗರಿಗೆ ಪರಿಚಿತರಾದ ಫಾಲಿ ನಾರಿಮನ್ ಅವರು ಭೋಪಾಲದ ಮೊಕದ್ದಮೆಯಲ್ಲಿ ಯೂನಿಯನ್ ಕಾರ್ಬೈಡಿನ ವಕೀಲರಾಗಿದ್ದರು. 2024ರಲ್ಲಿ ನಿಧನರಾದ ಅವರು, ಮುಂದೆ ತಿಳಿದುಬಂದುದೆಲ್ಲವೂ ಮೊದಲೇ ತಿಳಿದಿದ್ದರೆ ಆ ದಾವೆಯನ್ನು ವಹಿಸಿಕೊಳ್ಳುತ್ತಿರಲಿಲ್ಲವೆಂದು ತಮ್ಮ ಇಳಿವಯಸ್ಸಿನಲ್ಲಿ ಬಹಿರಂಗವಾಗಿ ಹೇಳಿದ್ದರು. ಮುಗಿದುಹೋದ ಕಾರ್ಯವನ್ನು ಮರಳಿ ನೋಡಿ ಹೀಗೆ ನುಡಿಯುವುದು ಸುಲಭವಲ್ಲ. ಪ್ರತಿಕ್ರಮಣದ ಅರ್ಥ ಬಲ್ಲ ಶ್ರಾವಕರಿಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ.

ಪಾಪಕ್ಕೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿವೆ. ತನ್ನ ಕಕ್ಷಿದಾರನಲ್ಲಿ ಪ್ರಮಾದವಿರಲಿಲ್ಲವೆಂದು ಸಾಕ್ಷ್ಯದಿಂದ ತೋರಿಸುವ ವಕೀಲನು ಸತ್ಯಕ್ಕೆ ನೆರವಾಗುತ್ತಾನೆ. ಕೇಳಿದ ಮೊತ್ತವು ಆದ ಹಾನಿಗಿಂತ ಹೆಚ್ಚಿನದೆಂದು ವಾದಿಸುವುದೂ ದೋಷವಲ್ಲ. ಆದರೆ ತಪ್ಪು ನಡೆದಿದೆಯೆಂದು ಬಲ್ಲವನಾಗಿ ಕಾಗದಪತ್ರಗಳನ್ನು ಮರೆಮಾಡಿದರೆ, ನೊಂದವನು ದಣಿದು ಹಿಂದೆ ಸರಿಯಲೆಂದೇ ವಾಯಿದೆಯ ಮೇಲೆ ವಾಯಿದೆ ಬೇಡಿದರೆ, ಆತನು ಅನುಮೋದನೆಯ ದ್ವಾರವನ್ನು ಪ್ರವೇಶಿಸಿದಂತೆ. ಹಾಸಿಗೆ ಹಿಡಿದ ರೋಗಿಗೆ ತಡವಾಗಿ ಬರುವ ಪರಿಹಾರವು ಎರಡನೆಯ ಪೆಟ್ಟಾಗುತ್ತದೆ.

ಇಷ್ಟಕ್ಕೇ ಹೊಣೆ ಮುಗಿಯುವುದಿಲ್ಲ. ವಕೀಲನಿಗೆ ಸೂಚನೆ ಕೊಡುವವನು ಉದ್ಯಮದ ಒಡೆಯ. ಕಾರಿತದ ಭಾರ ಆತನದು. ವ್ಯಾಪಾರೋದ್ಯಮದಲ್ಲಿ ನಿರತವಾದ ಜೈನ ಮನೆತನಗಳು ಅನೇಕವಿರುವುದರಿಂದ ಈ ವಿಚಾರ ಸಮಾಜಕ್ಕೆ ದೂರದ್ದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷವುಳ್ಳ ಸರಕಿನಿಂದಾದ ಹಾನಿಗೆ ತಯಾರಕರನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಗಾರರನ್ನಾಗಿ ಮಾಡಿದೆ. ಅಂಥ ನೋಟೀಸು ಅಂಗಡಿಗೆ ಬಂದ ದಿನ ವಕೀಲನನ್ನು ಕಾಣುವುದು ಯುಕ್ತವೇ. ಆದರೆ ಗೆಲ್ಲುವ ಬಗೆಯನ್ನು ಕೇಳುವ ಮೊದಲು, ನಿಜವಾಗಿ ನಡೆದುದೇನೆಂದು ತನ್ನ ಉಗ್ರಾಣದಲ್ಲಿ, ತನ್ನ ಲೆಕ್ಕದ ಪುಸ್ತಕದಲ್ಲಿ ಶೋಧಿಸಬೇಕು. ತಪ್ಪು ಕಂಡರೆ, ನ್ಯಾಯಾಲಯದ ಆಜ್ಞೆಗೆ ಕಾಯದೆ ಪರಿಹಾರ ಕೊಟ್ಟು, ಉಳಿದ ಸರಕನ್ನು ಹಿಂದಕ್ಕೆ ತರಿಸಬೇಕು. ಅಣುವ್ರತವನ್ನು ವಹಿಸಿದ ಗೃಹಸ್ಥನಿಗೆ ಅದೇ ತಕ್ಕ ಮಾರ್ಗ.