ಮಂಜಿನಲ್ಲಿ ಕಾಣದ ಗುಡಿ

ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆ 1872ರಲ್ಲಿ, ತಾನು ಬೆಳೆದ ಲೆ ಹಾವ್ರ್ ಪಟ್ಟಣದ ಬಂದರಿನ ಒಂದು ಮುಂಜಾವನ್ನು ಚಿತ್ರಿಸಿದನು. ಮಂಜು ಮುಸುಕಿದ ನೀರು, ಕಪ್ಪು ನೆರಳಿನಂತಹ ದೋಣಿಗಳು, ಹಿಂದೆ ಮಸುಕಾದ ಹಡಗುಗಳು, ಒಂದು ಕಿತ್ತಳೆ ಬಣ್ಣದ ಸೂರ್ಯ, ಇಷ್ಟೇ. 1874ರಲ್ಲಿ ಅದು 'ಇಂಪ್ರೆಷನ್, ಸೂರ್ಯೋದಯ' ಎಂಬ ಹೆಸರಿನಿಂದ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ಲೂಯಿ ಲೆರುವಾ ಎಂಬ ವಿಮರ್ಶಕನು ಇದು ಮುಗಿಯದ ಚಿತ್ರವೆಂದು ಗೇಲಿ ಮಾಡಿ, ಆ ಬಳಗವನ್ನೇ 'ಇಂಪ್ರೆಷನಿಸ್ಟರು' ಎಂದು ಹಂಗಿಸಿದನು. ಮುಂದೆ ಆ ಅಡ್ಡಹೆಸರನ್ನೇ ಅವರು ತಮ್ಮ ಹೆಸರಾಗಿ ಸ್ವೀಕರಿಸಿದರು.

ಈ ಪ್ರಸಂಗ ನಮ್ಮದೇ ಒಂದು ತಪ್ಪನ್ನು ನೆನಪಿಗೆ ತರುತ್ತದೆ. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ನಾವು ಶಿಕ್ಷಕರಾಗಿದ್ದಾಗ, ಮಕ್ಕಳನ್ನು ಸೊಲ್ಲಾಪುರಕ್ಕೆ ಕರೆದೊಯ್ದು, ಮರುದಿನ ಸಿದ್ಧೇಶ್ವರ ಕೆರೆಯ ಚಿತ್ರ ಬರೆಯಲು ಹೇಳಿದೆವು. ಎಲ್ಲರೂ ಕ್ಯಾಲೆಂಡರಿನಲ್ಲಿರುವಂತೆ ನೀರಿನ ನಡುವೆ ಗುಡಿಯನ್ನು ಬರೆದರು. ಒಬ್ಬ ಹುಡುಗ ಮಾತ್ರ ಹಾಳೆಯ ತುಂಬ ಬೂದಿಬಣ್ಣ ಬಳಿದು, ನಡುವೆ ಒಂದು ಕೆಂಪು ಚುಕ್ಕೆ ಇಟ್ಟಿದ್ದನು. "ಗುಡಿ ಎಲ್ಲಿ?" ಎಂದೆವು. "ಮುಂಜಾನಿ ಮಂಜಿನ್ಯಾಗ ಕಾಣಲಿಲ್ಲರೀ ಸರ್" ಎಂದನು. ತರಗತಿ ನಕ್ಕಿತು, ನಾವೂ ನಕ್ಕೆವು. ಕೆಂಪು ಶಾಯಿಯಲ್ಲಿ 'ಅಪೂರ್ಣ' ಎಂದು ಬರೆದೆವು.

ಕಂಡದ್ದನ್ನು ಕಂಡಷ್ಟೇ ಹೇಳುವುದು ಸತ್ಯವೋ, ಕಾಣದ್ದನ್ನೂ ತುಂಬಿ ಪೂರ್ಣಗೊಳಿಸುವುದು ಸತ್ಯವೋ? ನಕಾಶೆಯಲ್ಲಿ ಗುಡಿ ಇರಲೇಬೇಕು. ಅಲ್ಲಿ ಮಂಜಿಗೆ ಎಡೆಯಿಲ್ಲ. ಆದರೆ ನಾವು ಕೇಳಿದ್ದು ನಕಾಶೆಯನ್ನಲ್ಲ. ಆ ದಿನ ತನ್ನ ಕಣ್ಣಿಗೆ ನಿಷ್ಠನಾಗಿದ್ದವನು ಅವನೊಬ್ಬನೇ. ಅಂಕ ದೊರೆತದ್ದು ಉಳಿದವರಿಗೆ. ಬರೆದವನ ಉದ್ದೇಶವನ್ನು ಅರಿಯದೆ ಅವನ ಕೃತಿಯನ್ನು ಅಳೆಯುವುದು ಅನ್ಯಾಯವೆಂಬುದು ನಮಗೆ ಅಂದು ಹೊಳೆಯಲಿಲ್ಲ.

ಗಡಿನಾಡಿನವರಾದ ನಮಗೆ ಇದು ಹೊಳೆಯಬೇಕಾಗಿತ್ತು. ಮರಾಠಿ ಬೆರೆತ ನಮ್ಮ ಕನ್ನಡವನ್ನು ಕೇಳಿ, ಇದು ಅರೆಬರೆ ಭಾಷೆಯೆಂದು ನಕ್ಕವರನ್ನು ನಾವು ಬಲ್ಲೆವು. ನಮ್ಮ ಮಾತು ನಮ್ಮ ಬದುಕಿಗೆ ನಿಷ್ಠವಾಗಿದೆ, ಬೇರೊಂದು ಊರಿನ ಅಳತೆಗೋಲಿನಿಂದ ಅದನ್ನು ಅಳೆಯಬಾರದು ಎಂದು ವಾದಿಸಿದವರೂ ನಾವೇ. ಅದೇ ಅಳತೆಗೋಲನ್ನು ಒಬ್ಬ ಬಾಲಕನ ಮೇಲೆ ಪ್ರಯೋಗಿಸಿದೆವು.

ಮೋನೆಗೆ ಅವಮಾನವನ್ನು ಬಿರುದಾಗಿಸಿಕೊಳ್ಳುವ ಬಲವಿತ್ತು, ಜೊತೆಗೆ ಗೆಳೆಯರ ಬಳಗವಿತ್ತು. ಹತ್ತು ವರ್ಷದ ಮಗುವಿಗೆ ಅದೆಲ್ಲಿಂದ ಬರಬೇಕು? ಆ ಹುಡುಗ ಮತ್ತೆ ನಮ್ಮ ತರಗತಿಯಲ್ಲಿ ಮಂಜನ್ನು ಬರೆಯಲಿಲ್ಲ. ಎಲ್ಲರಂತೆ ಗುಡಿಯನ್ನೇ ಬರೆದನು. ನಾವು ಪೂರ್ಣ ಅಂಕ ಕೊಟ್ಟೆವು.

ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಯ ಮಗು ಚಿತ್ರವೊಂದನ್ನು ತಂದು ತೋರಿಸಿದಾಗ, ಏನು ಬಿಟ್ಟುಹೋಗಿದೆ ಎಂದು ಕೇಳುವ ಮೊದಲು, ನೀನು ಏನು ಕಂಡೆ ಎಂದು ಕೇಳಿರಿ.