ಅರ್ಜಿಯೊಳಗೆ ಸೇರದವರು

ಯುದ್ಧದಿಂದ ನೆಲೆ ಕಳೆದುಕೊಂಡ ಕುಟುಂಬವನ್ನು ಕೆನಡಾದಲ್ಲಿ ಸರ್ಕಾರವೇ ಕರೆಸಿಕೊಳ್ಳಬೇಕೆಂದಿಲ್ಲ. ಐದು ಮಂದಿ ಸಾಮಾನ್ಯರು ಒಟ್ಟಾಗಿ ಹಣ ಕೂಡಿಸಿ, ಒಂದು ವರ್ಷ ಆ ಕುಟುಂಬದ ಹೊಣೆ ಹೊರುತ್ತೇವೆಂದು ಸಹಿ ಮಾಡಿ ಅರ್ಜಿ ಹಾಕಲು 2024ರವರೆಗೆ ಅವಕಾಶವಿತ್ತು. ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳ ಜನ ದಿಕ್ಕು ತೋಚದೆ ಓಡುತ್ತಿದ್ದ 1979ರಲ್ಲಿ ಈ ವ್ಯವಸ್ಥೆ ಬಲ ಪಡೆಯಿತು. ಆ ವರ್ಷ ಮತ್ತು ಮರುವರ್ಷ ಬಂದ ಸುಮಾರು 60,000 ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಬರಮಾಡಿಕೊಂಡದ್ದು ಇಂಥ ಖಾಸಗಿ ಗುಂಪುಗಳು ಮತ್ತು ಧಾರ್ಮಿಕ ಸಂಸ್ಥೆಗಳು. ಸರ್ಕಾರದೊಡನೆ ಇದಕ್ಕಾಗಿ ಮೊದಲ ಒಪ್ಪಂದ ಮಾಡಿಕೊಂಡದ್ದು ಮೆನೊನೈಟ್ ಎಂಬ ಕ್ರೈಸ್ತ ಪಂಥದವರ ಸೇವಾಸಂಸ್ಥೆ. ನಾನು ನೆಲೆಸಿರುವ ವಾಟರ್ಲೂ ಪ್ರದೇಶದಲ್ಲಿ ಆ ಪಂಥದವರು ಬಹಳ. 1924ರಲ್ಲಿ ರಷ್ಯಾ ತೊರೆದು ಬಂದ ತಮ್ಮವರಿಗೆ ಇಲ್ಲಿನ ಮೆನೊನೈಟ್ ಒಕ್ಕಲುಮನೆಗಳು ಇಂಬು ಕೊಟ್ಟಿದ್ದವು. ನೆರವಿನ ನೆನಪು ಇಲ್ಲಿ ಮನೆತನಗಳಲ್ಲಿ ಉಳಿದುಬಂದಿದೆ.

2016ರಲ್ಲಿ ನಮ್ಮ ಬೀದಿಯ ಕೆಲವರು ಅಂಥದೊಂದು ಗುಂಪು ಕಟ್ಟಿಕೊಂಡೆವು. ಬಂದ ಕುಟುಂಬ ಸಿರಿಯಾದ ದರಾ ಕಡೆಯದು: ಗಂಡ, ಹೆಂಡತಿ, ಇಬ್ಬರು ಮಕ್ಕಳು. 2011ರ ಮಾರ್ಚಿನಲ್ಲಿ ಆ ದೇಶದ ಪ್ರತಿಭಟನೆಗಳು ಹೊತ್ತಿಕೊಂಡದ್ದೇ ದರಾದಲ್ಲಿ. ಗಡಿ ದಾಟಿ ಜೋರ್ಡಾನಿನ ಇರ್ಬಿದ್ ಊರಿನ ಬಾಡಿಗೆ ಕೋಣೆಯೊಂದರಲ್ಲಿ ಅವರು ವರ್ಷಗಳನ್ನು ಕಳೆದಿದ್ದರು. ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ದಂತವೈದ್ಯರಲ್ಲಿಗೆ ಕರೆದೊಯ್ಯುವುದು, ಬಸ್ಸಿನ ದಾರಿ ಕಲಿಸುವುದು ಎಲ್ಲವೂ ಸುಗಮವಾಗಿಯೇ ಸಾಗಿದವು. ಕೈಗೆ ಕೆಲಸ ಇರುವತನಕ ಮನಸ್ಸಿಗೆ ಪ್ರಶ್ನೆಗಳಿರುವುದಿಲ್ಲ.

ಪ್ರಶ್ನೆ ಎದ್ದದ್ದು ಹಣದಿಂದ. ಪ್ರಾಂತ ಸರ್ಕಾರ ಬಡವರಿಗೆ ಕೊಡುವ ನೆರವಿಗಿಂತ ಕಡಿಮೆಯಾಗದ ಮೊತ್ತವನ್ನು ನಾವು ತಿಂಗಳು ತಿಂಗಳು ಕೊಡಬೇಕಿತ್ತು. ಆ ಮೊತ್ತದಲ್ಲಿ ಸ್ವಲ್ಪ ಭಾಗವನ್ನು ಇರ್ಬಿದ್‌ನಲ್ಲೇ ಉಳಿದ ತಾಯಿಗೆ, ತಂಗಿಗೆ ಕಳಿಸುತ್ತಿರುವುದಾಗಿ ಮನೆಯ ಯಜಮಾನರು ಮಾತಿನ ನಡುವೆ ಹೇಳಿದರು. ಮುಚ್ಚಿಡಬೇಕಾದ ಸಂಗತಿ ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

ನಮ್ಮ ಗುಂಪಿನ ನಿವೃತ್ತ ಶಿಕ್ಷಕಿಯೊಬ್ಬರಿಗೆ ಇದು ಸರಿಬರಲಿಲ್ಲ. ಅವರು ಜಿಪುಣರಲ್ಲ, ಹಣ ಕೂಡಿಸಲು ಎಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ. ಈ ಮಕ್ಕಳ ಹೆಸರು ಹೇಳಿ ಜನರಿಂದ ಪಡೆದ ಹಣ ಇದು, ಚಳಿಗಾಲ ಮುಂದಿದೆ, ಕೊಟ್ಟವರಿಗೆ ನಾವು ಏನು ಉತ್ತರ ಹೇಳುವುದು ಎಂದು ಕೇಳಿದರು. ಆ ಮಾತಿನ ತೂಕ ನನಗೆ ಇಂದಿಗೂ ಇಳಿದಿಲ್ಲ. ನಮ್ಮಲ್ಲಿ ದಾನವನ್ನು ಧಾರೆ ಎರೆದು ಕೊಡುತ್ತಾರೆ; ನೀರು ಕೈಬಿಟ್ಟ ಮೇಲೆ ಕೊಟ್ಟವನ ಹಕ್ಕು ಅಲ್ಲಿಗೆ ಮುಗಿಯಿತು. ಆದರೆ ನಾವು ಕೇವಲ ದಾನಿಗಳಾಗಿರಲಿಲ್ಲ. ಬೇರೆಯವರ ಹಣವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರಾಗಿದ್ದೆವು. ಲೆಕ್ಕ ಕೇಳುವುದು ಅಲ್ಲಿ ಕರ್ತವ್ಯ.

ನಾನು ಅಂದು ಮಾತಾಡಲಿಲ್ಲ. ಪ್ರತಿ ತಿಂಗಳು ಶಿವಮೊಗ್ಗದಲ್ಲಿರುವ ಅಮ್ಮನ ಖಾತೆಗೆ ಹಣ ಹಾಕುವವನು ನಾನು. ಅದು ಅವರ ಔಷಧಿಗೆ ಹೋಯಿತೋ, ಅಕ್ಕನ ಮಗನ ಫೀಸಿಗೆ ಹೋಯಿತೋ ನಾನು ಕೇಳಿದವನಲ್ಲ. ಏಕೆ ಕಳಿಸುತ್ತೀಯ ಎಂದು ನನ್ನನ್ನು ಕೇಳಿದವರೂ ಇಲ್ಲ. ಅದು ದುಡಿದ ಹಣ, ಇದು ಪಡೆದ ಹಣ ಎಂಬ ಉತ್ತರ ತಟ್ಟನೆ ಹೊಳೆಯಿತು. ಆ ಉತ್ತರದಲ್ಲಿ ನ್ಯಾಯವಿದೆ. ಆದರೂ ಅದನ್ನು ಎತ್ತಿ ಹಿಡಿದು ನೋಡಿದಷ್ಟೂ ನನ್ನ ಪ್ರಶ್ನೆ ಬೇರೆಡೆಗೆ ಸರಿಯಿತು. ದುಡಿಮೆ ಕೈತಪ್ಪಿದ ದಿನ ಮಗನ ಹೊಣೆಯೂ ಕಳಚಿಬೀಳುತ್ತದೆಯೆ? ನನಗೆ ಕೆಲಸ ಹೋಗಿ, ಯಾರದೋ ನೆರವಿನಲ್ಲಿ ಬದುಕುವಂತಾದರೆ, ಅಮ್ಮನಿಗೆ ಹಣ ಕಳಿಸದೆ ನಾನು ನೆಮ್ಮದಿಯಿಂದ ಊಟ ಮಾಡಬಲ್ಲೆನೆ?

ಯೋಚಿಸುತ್ತ ಹೋದಂತೆ, ನಾವು ಯಾರೂ ಪ್ರಶ್ನಿಸದೆ ಒಪ್ಪಿಕೊಂಡಿದ್ದ ಸಂಗತಿಯೊಂದು ಕಣ್ಣಿಗೆ ಬಿತ್ತು. ಕುಟುಂಬವೆಂದರೆ ಗಂಡ, ಹೆಂಡತಿ, ಅವಲಂಬಿತ ಮಕ್ಕಳು ಎಂದು ಅರ್ಜಿ ಹೇಳುತ್ತದೆ. ಕಾನೂನಿಗೆ ಎಲ್ಲಾದರೂ ಗೆರೆ ಎಳೆಯಲೇಬೇಕು. ಅದನ್ನು ನಾನು ದೂರುವುದಿಲ್ಲ. ಆದರೆ ದರಾದಿಂದ ಓಡಿಬಂದದ್ದು ಒಂದು ಮನೆ. ಅದರಲ್ಲಿ ತಾಯಿಯಿದ್ದಳು, ಮದುವೆಯಾಗದ ತಂಗಿಯಿದ್ದಳು. ವಿಮಾನ ಹತ್ತಿದವರು ನಾಲ್ವರು, ನೆಲೆ ತಪ್ಪಿದವರು ಆರು ಮಂದಿ. ನಾವು ನಾಲ್ವರನ್ನು ಎಣಿಸಿ ಕುಟುಂಬ ಪಾರಾಯಿತೆಂದು ಸಂತೋಷಪಟ್ಟೆವು. ಯಜಮಾನರ ಲೆಕ್ಕದಲ್ಲಿ ಮನೆಯ ಒಂದು ಭಾಗ ಇನ್ನೂ ದಾರಿಯಲ್ಲೇ ಇತ್ತು.

ಅವರ ಕಡೆಯ ವಸ್ತುಸ್ಥಿತಿಯೂ ನಿಧಾನವಾಗಿ ತಿಳಿಯಿತು. ಜೋರ್ಡಾನಿನಲ್ಲಿರುವ ಸಿರಿಯನ್ನರಲ್ಲಿ ಹೆಚ್ಚಿನವರು ಶಿಬಿರಗಳ ಹೊರಗೆ, ಬಾಡಿಗೆ ಮನೆಗಳಲ್ಲಿ ಇರುವವರು. ದೇಣಿಗೆ ಸಾಲದೆ 2015ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಅಂಥವರಿಗೆ ಕೊಡುತ್ತಿದ್ದ ನೆರವನ್ನು ಮೊಟಕುಗೊಳಿಸಿತು. 2016ರವರೆಗೆ ಕೆಲಸದ ಪರವಾನಗಿಯೂ ಅವರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾದರೆ ಅಷ್ಟು ವರ್ಷ ಇವರು ಬದುಕಿದ್ದು ಹೇಗೆ? ಉತ್ತರ ಕೊಟ್ಟವರು ಮನೆಯಾಕೆ. ಅತ್ತೆ ತನ್ನ ಬಳೆಗಳನ್ನು ಒಂದೊಂದಾಗಿ ಮಾರಿ ಕೋಣೆಯ ಬಾಡಿಗೆ ಕಟ್ಟಿದ್ದರಂತೆ. ಕೊನೆಯ ಜೊತೆ ಹೋದದ್ದು ಚಿಕ್ಕ ಮಗುವಿನ ಹೆರಿಗೆಯ ಖರ್ಚಿಗಂತೆ. ಹಣ ಕಳಿಸಲೇಬೇಕೆಂದು ಗಂಡನನ್ನು ಒತ್ತಾಯಿಸುತ್ತಿದ್ದುದು ಆಕೆಯೇ.

ಆ ಕುಟುಂಬಕ್ಕೆ ನೆರವಾದ ಮೊದಲಿಗರು ನಾವು ಎಂಬಂತೆ ನಮ್ಮ ಮಾತುಕತೆ ಇರುತ್ತಿತ್ತು. ಹಣ ಹೊರಡುವುದು ನಮ್ಮಿಂದ, ತಲುಪುವುದು ಅವರಲ್ಲಿಗೆ; ಅಲ್ಲಿಂದ ಮುಂದೆ ಹರಿದರೆ ಅದು ಸೋರಿಕೆ. ಆದರೆ ಆ ಮುದುಕಿಯ ಬಳೆಗಳು ಕರಗಿರದಿದ್ದರೆ ನಾವು ಬರಮಾಡಿಕೊಳ್ಳಲು ಒಂದು ಸಂಸಾರ ಉಳಿದಿರುತ್ತಿತ್ತೋ ಇಲ್ಲವೋ. ಯುದ್ಧದಿಂದ ಓಡಿಬಂದವರಿಗೆ ಮೊದಲ ಧರ್ಮಸಂಸ್ಥೆ ಅವರ ಮನೆಯವರೇ. ಬೇರೆ ಸಂಸ್ಥೆಗಳು ತಡವಾಗಿ ಬರುತ್ತವೆ. ಬಂದಾಗ ಅಲ್ಲಿ ಆಗಲೇ ನಡೆಯುತ್ತಿರುವ ಕೊಡು-ಕೊಳುವಿನೊಳಗೆ ಕಾಲಿಡುತ್ತವೆ.

ಇಷ್ಟು ಹೇಳುವಾಗಲೂ ನನಗೊಂದು ಅಳುಕಿದೆ. ತಾಯಿಗಾಗಿ ಮಗ ಹೊಟ್ಟೆ ಕಟ್ಟುವುದು ಕೇಳಲು ಚೆಂದ. ಆ ಚೆಂದಕ್ಕೆ ಮನಸೋತು ಮಕ್ಕಳ ಕಾಲಿನ ಬೂಟನ್ನು ಮರೆಯುವ ಹಕ್ಕು ನನಗಿಲ್ಲ. ಶಿಕ್ಷಕಿ ಮರೆಯಲಿಲ್ಲ. ಕೊಟ್ಟ ಹಣದ ವೆಚ್ಚ ಕುಟುಂಬದ ನಿರ್ಧಾರಕ್ಕೇ ಬಿಟ್ಟದ್ದು ಎಂದು ಗುಂಪು ತೀರ್ಮಾನಿಸಿದ ಮೇಲೂ ಅವರು ತಮ್ಮ ಅಭಿಪ್ರಾಯ ಬದಲಿಸಲಿಲ್ಲ. ಮಕ್ಕಳಿಗೆ ಬೇಕಾದ ಚಳಿಯ ಉಡುಪನ್ನು ಬೇರೆಯಾಗಿಯೇ ಒದಗಿಸಿದರು. ಅವರು ಹಾಗೆ ಪಟ್ಟುಹಿಡಿದದ್ದು ಒಳ್ಳೆಯದೇ ಆಯಿತು ಎಂದು ನನ್ನ ಎಣಿಕೆ. ತೀರ್ಮಾನ ಸರಿಯಿದ್ದರೂ ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆಂದು ನೋಡುವ ಕಣ್ಣೊಂದು ಗುಂಪಿನಲ್ಲಿ ಇರಬೇಕು.

ವರ್ಷ ತುಂಬಿ ನಮ್ಮ ಹೊಣೆ ಕಾಗದದ ಮೇಲೆ ಮುಗಿಯಿತು. ಯಜಮಾನರಿಗೆ ಮರಗೆಲಸದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಾಯಿ ಮತ್ತು ತಂಗಿಯನ್ನು ಕರೆಸಲು ಹೊಸದೊಂದು ಅರ್ಜಿ ಹಾಕಬಹುದೇ ಎಂದು ಅವರು ಕೇಳಿದಾಗ ನಾವು ಮತ್ತೆ ಸೇರಿದೆವು. ಈ ಸಲ ಹಣ ಕೂಡಿಸಬೇಕಾದವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಇಂಥ ಅರ್ಜಿಗಳು ಇತ್ಯರ್ಥವಾಗಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಇರ್ಬಿದ್‌ನ ಕೋಣೆಯ ಬಾಡಿಗೆ ಅವರ ಸಂಬಳದಿಂದಲೇ ಹೋಗಬೇಕು.